ಫೋಟೊ ಎಲ್ಲಾ ಕಾಪಿ ಆಯ್ತು, ಆದ್ರೆ ಒಂದೂ ತೆರೀತಿಲ್ಲ: ವಿಂಡೋಸ್‌ನಲ್ಲಿ ಪರ್ಲ್ ಎಲ್ಲಿ ಕೈಕೊಡುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತು ಒಂದು ಹಳೇ ಭಾಷೆ ಬಗ್ಗೆ ಮಾತು. ಹಳೇ ಅಂದ್ರೆ ಹಳಗನ್ನಡ ಅಲ್ಲ, ಪರ್ಲ್. ಲ್ಯಾರಿ ವಾಲ್ ಅನ್ನೋರು 1987ರಲ್ಲಿ ಬರೆದ ಪ್ರೋಗ್ರಾಮಿಂಗ್ ಭಾಷೆ. ‘ಈಗ ಪೈಥಾನ್ ಇದೆಯಲ್ಲ, ಅದ್ಯಾಕೆ?’ ಅಂತ ಕೇಳ್ತೀರಿ. ಚಿಪ್ ಡಿಸೈನ್ ಕಂಪನಿಗೆ ಕೆಲಸಕ್ಕೆ ಸೇರಿದ ಯಾರನ್ನಾದ್ರೂ ಕೇಳಿ ನೋಡಿ, ಮೊದಲ ವಾರವೇ ಯಾರೋ ಬರೆದಿಟ್ಟು ಹೋದ ಪರ್ಲ್ ಸ್ಕ್ರಿಪ್ಟ್ ಒಂದು ಕೈಗೆ ಬಂದಿರುತ್ತೆ. ನನ್ನ ಕೈಗೆ ಬಂದದ್ದು ಮಾತ್ರ ಆಫೀಸಲ್ಲಲ್ಲ, ಮನೇಲಿ.

ಹೋದ ಬೇಸಿಗೆಯಲ್ಲಿ ಅಪ್ಪನ ಹಳೇ ಫೋನಿನ ಮೆಮೊರಿ ಕಾರ್ಡ್ ಸಿಕ್ತು. ಒಳಗೆ 900ಕ್ಕೂ ಹೆಚ್ಚು ಫೋಟೊ. ಅಜ್ಜಿ ಅಂಗಳದಲ್ಲಿ ಅಡಿಕೆ ಸುಲೀತಾ ಕೂತಿದ್ದು, 2016ರ ಗಣಪತಿ ಹಬ್ಬದಲ್ಲಿ ಕಡುಬು ಬಡಿಸ್ತಿದ್ದಿದ್ದು. ಅಜ್ಜಿ ಈಗಿಲ್ಲ. ಈ ಫೋಟೊಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಅವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಲ್ಯಾಪ್‌ಟಾಪ್‌ಗೆ ಹಾಕಿ, ಕಾರ್ಡನ್ನ ಫಾರ್ಮ್ಯಾಟ್ ಮಾಡಿ ತಂಗಿ ಕ್ಯಾಮೆರಾಗೆ ಕೊಡೋದು ಅಂತ ಮಾತಾಗಿತ್ತು. ಲಿನಕ್ಸ್ ಬಳಸೋ ಗೆಳೆಯನೊಬ್ಬ 40 ಸಾಲಿನ ಪರ್ಲ್ ಸ್ಕ್ರಿಪ್ಟ್ ಕಳಿಸಿದ. ನನ್ನದು ವಿಂಡೋಸ್. ಕತೆ ಶುರು.

ಮೊದಲು ಬಂದದ್ದು ಗಲಾಟೆ ಮಾಡೋ ತೊಂದರೆಗಳು. ಇವು ಒಳ್ಳೇವು, ಯಾಕಂದ್ರೆ ಕೂಗಿ ಹೇಳ್ತವೆ. ವಿಂಡೋಸ್ ಜೊತೆ ಪರ್ಲ್ ಬರಲ್ಲ, ಹಾಕ್ಕೋಬೇಕು. ನಾನು ಸ್ಟ್ರಾಬೆರಿ ಪರ್ಲ್ ಹಾಕಿದೆ. ಹಾಕಿದ ಮೇಲೂ ‘ಪರ್ಲ್ ಅನ್ನೋದು ಗೊತ್ತಿಲ್ಲ’ ಅಂತು ಕಮಾಂಡ್ ಪ್ರಾಂಪ್ಟ್. ಆ ಕಪ್ಪು ಕಿಟಕಿ ಮೊದಲೇ ತೆರೆದಿತ್ತು ನೋಡಿ, ಪ್ರೋಗ್ರಾಂಗಳನ್ನ ಎಲ್ಲೆಲ್ಲಿ ಹುಡುಕಬೇಕು ಅನ್ನೋ ಪಟ್ಟಿಯನ್ನ ಅದು ತೆರೆಯುವಾಗ ಒಂದೇ ಸಲ ಓದೋದು. ಮುಚ್ಚಿ ಹೊಸದು ತೆರೆದೆ, ಸರಿಹೋಯ್ತು.

ಆಮೇಲೆ ಸ್ಕ್ರಿಪ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಕಿಟಕಿ ಮಿಂಚಿನ ಹಾಗೆ ಬಂತು, ಹೋಯ್ತು. ಎರರ್ ಏನಿತ್ತೋ ದೇವರೇ ಬಲ್ಲ. ಡಬಲ್ ಕ್ಲಿಕ್ ಬಿಟ್ಟುಬಿಡಿ. ಫೋಲ್ಡರ್ ತೆರೆದು ಮೇಲಿನ ಅಡ್ರೆಸ್ ಪಟ್ಟಿಯಲ್ಲಿ ಸಿಎಂಡಿ ಅಂತ ಮೂರಕ್ಷರ ಟೈಪ್ ಮಾಡಿ ಎಂಟರ್ ಒತ್ತಿ, ಅದೇ ಜಾಗದಲ್ಲಿ ಕಪ್ಪು ಕಿಟಕಿ ತೆರೆಯುತ್ತೆ. ಅಲ್ಲಿಂದ ಓಡಿಸಿದ್ರೆ ಎರರ್ ಕಣ್ಣೆದುರೇ ಉಳಿಯುತ್ತೆ. ನನ್ನದು ‘ಅಂಥ ಫೈಲ್ ಇಲ್ಲ’ ಅಂತಿತ್ತು. ನೋಟ್‌ಪ್ಯಾಡ್ ಅದನ್ನ ಡಾಟ್ ಪಿಎಲ್ ಡಾಟ್ ಟಿಎಕ್ಸ್‌ಟಿ ಅಂತ ಉಳಿಸಿತ್ತು, ವಿಂಡೋಸ್ ಬಾಲದ ತುದಿಯನ್ನ ನನಗೆ ತೋರಿಸ್ತಿರಲಿಲ್ಲ!

ಅರ್ಧ ದಿನ ತಿಂದದ್ದು ಮುಂದಿನದು. ಫೋಟೊ ತಾರೀಖು ಓದೋ ಮಾಡ್ಯೂಲ್ ಹಾಕಿದೆ, ‘ಯಶಸ್ವಿ’ ಅಂತ ಬಂತು. ಓಡಿಸಿದ್ರೆ ‘ಕಾಂಟ್ ಲೊಕೇಟ್’, ಮಾಡ್ಯೂಲೇ ಇಲ್ಲವಂತೆ. ಇದೆ, ಇಲ್ಲ, ಇದೆ, ಇಲ್ಲ. ಕೊನೆಗೆ ‘ವೇರ್ ಪರ್ಲ್’ ಅಂತ ಟೈಪ್ ಮಾಡಿದೆ. ಎರಡು ಸಾಲು ಬಂತು! ಗಿಟ್ ಹಾಕಿದ್ರೆ ಅದರ ಜೊತೆ ಅದರದ್ದೇ ಒಂದು ಪರ್ಲ್ ಬರುತ್ತೆ. ನಾನು ಮಾಡ್ಯೂಲ್ ಹಾಕಿದ್ದು ಸ್ಟ್ರಾಬೆರಿಗೆ, ಓಡ್ತಿದ್ದದ್ದು ಗಿಟ್‌ನ ಪರ್ಲ್. ಆ ಎರರ್ ಬಂದಾಗ ಅದರ ಜೊತೆಗೆ ಎಲ್ಲೆಲ್ಲಿ ಹುಡುಕಿದೆ ಅಂತ ಫೋಲ್ಡರ್‌ಗಳ ಪಟ್ಟಿಯನ್ನೂ ಪರ್ಲ್ ಕೊಟ್ಟಿರುತ್ತೆ. ನಾವು ಓದಲ್ಲ, ಅಷ್ಟೇ.

ಸಣ್ಣಪುಟ್ಟವು ಬೇಗ ಹೇಳಿಬಿಡ್ತೀನಿ. ಫೋಲ್ಡರ್ ದಾರಿಯನ್ನ ಡಬಲ್ ಕೋಟ್ಸ್ ಒಳಗೆ ಬ್ಯಾಕ್‌ಸ್ಲ್ಯಾಷ್ ಹಾಕಿ ಬರೆದ್ರೆ ‘ಟೆಂಪ್’ ಮುಂದಿನ ಬ್ಯಾಕ್‌ಸ್ಲ್ಯಾಷು, ಟೀ ಎರಡೂ ಸೇರಿ ಟ್ಯಾಬ್ ಆಗಿಬಿಡುತ್ತೆ. ಮುಂದಕ್ಕೆ ವಾಲಿದ ಸ್ಲ್ಯಾಷ್ ಬರೀರಿ, ವಿಂಡೋಸ್‌ನಲ್ಲೂ ಪರ್ಲ್‌ಗೆ ಅದು ಅರ್ಥ ಆಗುತ್ತೆ. ಒಂದೇ ಸಾಲಿನ ಪ್ರೋಗ್ರಾಂ ಅನ್ನ ಎಲ್ಲಿಂದಲೋ ಕಾಪಿ ಮಾಡಿ ಅಂಟಿಸಿದ್ರೆ ‘ಸ್ಟ್ರಿಂಗ್ ಟರ್ಮಿನೇಟರ್ ಸಿಗಲಿಲ್ಲ’ ಅನ್ನುತ್ತೆ. ಕಮಾಂಡ್ ಪ್ರಾಂಪ್ಟ್‌ಗೆ ಸಿಂಗಲ್ ಕೋಟ್ ಗೊತ್ತಿಲ್ಲ, ಹೊರಗಡೆ ಡಬಲ್ ಕೋಟ್ ಬೇಕು. ನಕ್ಷತ್ರ ಹಾಕಿ ‘ಎಲ್ಲಾ ಜೆಪೆಗ್’ ಅಂತ ಕೊಟ್ರೆ ಲಿನಕ್ಸ್‌ನಲ್ಲಿ ಶೆಲ್ ಅದನ್ನ ಬಿಡಿಸಿ 900 ಹೆಸರು ಮಾಡಿ ಕೊಡುತ್ತೆ. ಕಮಾಂಡ್ ಪ್ರಾಂಪ್ಟ್ ನಕ್ಷತ್ರವನ್ನೇ ಹಾಗ್ಹಾಗೇ ದಾಟಿಸುತ್ತೆ, ಬಿಡಿಸೋ ಕೆಲಸ ಸ್ಕ್ರಿಪ್ಟ್ ಒಳಗೆ ಗ್ಲಾಬ್ ಮಾಡಬೇಕು.

ಇನ್ನು ಮುಂದಿನವು ಕೂಗಲ್ಲ. ಸುಮ್ಮನೆ ಕೆಲಸ ಕೆಡಿಸ್ತವೆ.

ಮೊದಲ ಸಲ ಪೂರ್ತಿ ಓಡಿದಾಗ ಎರರ್ ಇಲ್ಲ. ಆದ್ರೆ ಫೋಲ್ಡರ್‌ನಲ್ಲಿ ಬೆರಳೆಣಿಕೆಯಷ್ಟು ಫೈಲು, ಎಲ್ಲದರ ಗಾತ್ರ 0. ಗೆಳೆಯನ ಸ್ಕ್ರಿಪ್ಟ್ ಹೆಸರಿನಲ್ಲಿ ಗಂಟೆ ಕೋಲನ್ ನಿಮಿಷ, ಅಂದ್ರೆ 10:30 ಅಂತ ಹಾಕ್ತಿತ್ತು. ಲಿನಕ್ಸ್‌ನಲ್ಲಿ ಪರವಾಗಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಕೋಲನ್‌ಗೆ ಬೇರೆ ಅರ್ಥ: ‘10 ಅನ್ನೋ ಫೈಲಿನ ಬೆನ್ನಿಗೆ ಕಟ್ಟಿದ 30 ಅನ್ನೋ ಗುಪ್ತ ಚೀಲ’. ಡೇಟಾ ಎಲ್ಲ ಚೀಲದಲ್ಲಿ, ಹೊರಗೆ ಕಾಣೋ ಫೈಲ್ ಖಾಲಿ. ಕೋಲನ್ ತೆಗೆದು ಹೈಫನ್ ಹಾಕಿ ಮತ್ತೆ ಓಡಿಸಿದೆ.

ಈಗ ಲೆಕ್ಕ ಸರಿ. ಅಷ್ಟೂ ಫೋಟೊ ಬಂದಿದೆ, ಹೆಸರು ಚಂದ, ಗಾತ್ರ ಸುಮಾರು ಮೊದಲಿನಷ್ಟೇ. ಕಾರ್ಡ್ ಫಾರ್ಮ್ಯಾಟ್ ಮಾಡೋಕೆ ರೈಟ್ ಕ್ಲಿಕ್ ಮಾಡಿದ್ದೆ ನಾನು. ಅಷ್ಟರಲ್ಲಿ ತಂಗಿ ಬಂದು, “ಅಣ್ಣಾ, ಅಜ್ಜಿ ಕಡುಬಿನ ಫೋಟೊ ತೋರ್ಸೋ” ಅಂದಳು. ತೆರೆದೆ. ಬರಲಿಲ್ಲ. ಇನ್ನೊಂದು. ಅದೂ ಇಲ್ಲ. ಕೆಲವು ತೆರೆದ್ರೂ ಮೇಲಿನ ಒಂದು ಪಟ್ಟಿ ಬಿಟ್ರೆ ಉಳಿದದ್ದು ಬೂದಿ ಬಣ್ಣ. ಕೈ ತಣ್ಣಗಾಯ್ತು. ಒಂದು ನಿಮಿಷ ತಡವಾಗಿದ್ರೆ ಕಾರ್ಡೂ ಖಾಲಿ.

ಏನಾಗಿತ್ತು ಅಂದ್ರೆ, ಹಳೇ ಟೈಪ್‌ರೈಟರ್ ನೆನಪಿಸ್ಕೊಳ್ಳಿ, ಸಿನಿಮಾದಲ್ಲಾದ್ರೂ ನೋಡಿರ್ತೀರಿ. ಸಾಲು ಮುಗಿದಾಗ ಎರಡು ಕೆಲಸ: ಕ್ಯಾರೇಜನ್ನ ಬಲಕ್ಕೆ ತಳ್ಳೋದು, ಕಾಗದ ಒಂದು ಸಾಲು ಮೇಲಕ್ಕೆ ಸರಿಸೋದು. ವಿಂಡೋಸ್ ಇವತ್ತಿಗೂ ಸಾಲಿನ ಕೊನೆಗೆ ಆ ಎರಡನ್ನೂ ಬರೆಯುತ್ತೆ, 13 ಮತ್ತು 10 ಅನ್ನೋ ಎರಡು ಬೈಟ್. ಲಿನಕ್ಸ್‌ಗೆ 10 ಒಂದೇ ಸಾಕು. ಈ ವ್ಯತ್ಯಾಸ ಪ್ರೋಗ್ರಾಂ ಬರೆಯೋರಿಗೆ ಕಾಣದಿರಲಿ ಅಂತ ವಿಂಡೋಸ್‌ನಲ್ಲಿ ಪರ್ಲ್ ತಾನೇ ಅನುವಾದ ಮಾಡುತ್ತೆ: ಓದುವಾಗ 13-10 ಜೋಡಿಯನ್ನ ಬರೀ 10 ಮಾಡುತ್ತೆ, ಬರೆಯುವಾಗ ಪ್ರತಿ 10ರ ಹಿಂದೆ ಒಂದು 13 ಸೇರಿಸುತ್ತೆ. ಪತ್ರ, ಪಟ್ಟಿ, ಲೆಕ್ಕಕ್ಕೆ ಇದು ಉಪಕಾರ. ಫೋಟೊಗೆ ವಿಷ. ಫೋಟೊ ಒಳಗಿನ 10 ಸಾಲಿನ ಕೊನೆ ಅಲ್ಲವಲ್ಲ, ಬಣ್ಣದ ಮಾಹಿತಿ ಅದು.

ಒಂದು ಬೈಟ್‌ಗೆ 256 ಬೆಲೆ ಸಾಧ್ಯ. 2 ಎಂಬಿ ಫೋಟೊದಲ್ಲಿ 10 ಅನ್ನೋದು ಅಂದಾಜು 8 ಸಾವಿರ ಸಲ ಬರುತ್ತೆ. ಅಷ್ಟು ಬೈಟ್ ನಡುನಡುವೆ ತುರುಕಿದ ಹಾಗಾಯ್ತು. ಗಾತ್ರ ಹೆಚ್ಚೋದು 8 ಕೆಬಿ ಆಸುಪಾಸು, ಯಾರ ಕಣ್ಣಿಗೆ ಬೀಳುತ್ತೆ? ‘ಸೇರಿಸಿದ್ದನ್ನ ತೆಗೆದ್ರಾಯ್ತಲ್ಲ’ ಅಂತ ನನಗೂ ಅನ್ನಿಸ್ತು. ಆಗಲ್ಲ. ಮೂಲ ಫೋಟೊದಲ್ಲೇ 13-10 ಜೋಡಿ ಸಹಜವಾಗಿ ಒಂದು 30 ಕಡೆ ಇರುತ್ತೆ. ಯಾವ 13 ಮೊದಲಿಂದ ಇದ್ದದ್ದು, ಯಾವುದು ಪರ್ಲ್ ಸೇರಿಸಿದ್ದು, ಹಾಳಾದ ಪ್ರತಿ ನೋಡಿ ಹೇಳೋಕೆ ದಾರಿನೇ ಇಲ್ಲ.

ಪರಿಹಾರ ಎರಡೇ ಸಾಲು. ಓದೋ ಫೈಲು, ಬರೆಯೋ ಫೈಲು ಎರಡಕ್ಕೂ ‘ಬಿನ್‌ಮೋಡ್’ ಅಂತ ಹೇಳಬೇಕು, ಅಂದ್ರೆ ‘ಇದು ಅಕ್ಷರ ಅಲ್ಲ, ಮುಟ್ಟಬೇಡ’ ಅಂತ. ಇನ್ನೂ ಸುಲಭ ಅಂದ್ರೆ ಪರ್ಲ್ ಜೊತೆಗೇ ಬರೋ ಫೈಲ್-ಕಾಪಿ ಮಾಡ್ಯೂಲ್, ಅದು ತಾನೇ ನೋಡಿಕೊಳ್ಳುತ್ತೆ. ಗೆಳೆಯನಿಗೆ ಫೋನ್ ಮಾಡಿ ಬೈದೆ. “ಇಲ್ಲಿ ಸರೀನೇ ಇತ್ತಲ್ಲ ಮಾರಾಯ” ಅಂದ. ಸುಳ್ಳಲ್ಲ. ಲಿನಕ್ಸ್‌ನಲ್ಲಿ ಅನುವಾದವೇ ಇಲ್ಲ, ಬಿನ್‌ಮೋಡ್ ಮರೆತರೂ ಗೊತ್ತಾಗಲ್ಲ.

ಇನ್ನೊಂದು ನಮ್ಮ ಕನ್ನಡದವರಿಗೇ ಕಾದಿರೋ ಹೊಂಡ. ಸ್ಕ್ರಿಪ್ಟ್‌ನಿಂದ ‘ಅಜ್ಜಿ’ ಅಂತ ಫೋಲ್ಡರ್ ಮಾಡಿಸಿದೆ. ಬಂದದ್ದು ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ, ಪಕ್ಕದಲ್ಲೊಂದು ಪುಟ್ಟ 2 ಅಥವಾ 3, ಮತ್ತೆ ಅದೇ, ಮತ್ತೆ ಅದೇ. ಇದನ್ನ ಎಲ್ಲಿ ನೋಡಿದ್ರೂ ಗುರುತು ಹಿಡೀಬಹುದು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಮೂರು ಬೈಟ್, ಮೊದಲ ಎರಡು ಹೆಚ್ಚುಕಮ್ಮಿ ಒಂದೇ. ಪರ್ಲ್‌ನ ಮಾಮೂಲಿ ಆಜ್ಞೆಗಳು ವಿಂಡೋಸ್ ಜೊತೆ ಹೆಸರು ಮಾತಾಡುವಾಗ ಹಳೇ ಕೋಡ್ ಪೇಜ್ ಬಳಸ್ತವೆ, ನಮ್ಮಲ್ಲಿ ಸಾಮಾನ್ಯವಾಗಿ ಯುರೋಪಿನ 1252. ಕನ್ನಡಕ್ಕೆ ಅಂಥ ಹಳೇ ಪೇಜೇ ಇಲ್ಲ. ಹಾಗಾಗಿ ಮೊದಲೇ ಇರೋ ಕನ್ನಡ ಹೆಸರನ್ನ ಓದಿಸಿದ್ರೂ ಪ್ರಶ್ನಾರ್ಥಕ ಚಿಹ್ನೆ ಬರಬಹುದು. ವಿನ್32-ಲಾಂಗ್‌ಪಾತ್ ಅನ್ನೋ ಮಾಡ್ಯೂಲ್ ಇದಕ್ಕೆ ದಾರಿ ಮಾಡುತ್ತೆ. ನಾನು ಅಷ್ಟು ತಾಳ್ಮೆ ಇಲ್ಲದೆ ಇಂಗ್ಲಿಷಲ್ಲಿ ಹೆಸರು ಕೊಟ್ಟು, ಕೊನೆಗೆ ಕೈಯಾರೆ ‘ಅಜ್ಜಿ’ ಅಂತ ಬದಲಾಯಿಸಿದೆ.

ಮೂರನೇ ಸಲ ಓಡಿಸಿದ ಮೇಲೆ ನಾನು ಎಣಿಸಲಿಲ್ಲ, ಹೋಲಿಸಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಫ್‌ಸಿ ಸ್ಲ್ಯಾಷ್ ಬಿ’ ಅಂತ ಬರೆದು ಎರಡು ಫೈಲ್ ಹೆಸರು ಕೊಟ್ರೆ ಬೈಟ್‌ಗೆ ಬೈಟ್ ಹೋಲಿಸಿ ಹೇಳುತ್ತೆ. ಅದನ್ನೇ ಸ್ಕ್ರಿಪ್ಟ್‌ನಿಂದ ಎಲ್ಲಕ್ಕೂ ಓಡಿಸಿದೆ. ವ್ಯತ್ಯಾಸ ಇಲ್ಲ ಅಂತ ಬಂದ ಮೇಲೆ ತಂಗಿನ ಕೂರಿಸ್ಕೊಂಡು ಕಡುಬಿನ ಫೋಟೊ ತೆರೆದೆ. ಅಜ್ಜಿ ಕ್ಯಾಮೆರಾ ನೋಡ್ತಿಲ್ಲ, ಎಲೆ ಮೇಲೆ ತುಪ್ಪ ಹಾಕ್ತಿದ್ದಾರೆ.

ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿಲ್ಲ. ತಂಗಿಗೆ ಹೊಸದು ಕೊಡಿಸಿದೆ. ಸಿಗೋಣ ಮುಂದಿನ ಸಂಚಿಕೆಯಲ್ಲಿ.