ಮಾತೇ ರಾಗವಾದ ಬಗೆ: ‘ಮೈ ಫೇರ್ ಲೇಡಿ’

ತನ್ನ ನಾಟಕಗಳಿಗೆ ಯಾರಾದರೂ ಹಾಡು ಜೋಡಿಸುತ್ತೇವೆಂದರೆ ಬರ್ನಾರ್ಡ್ ಷಾನಿಗೆ ಮೈಯುರಿಯುತ್ತಿತ್ತು. ಸಂಗೀತವೆಂದರೆ ಆಗದವನೇನಲ್ಲ, ಲಂಡನ್ನಿನ ಪತ್ರಿಕೆಗಳಿಗೆ ಸಂಗೀತ ವಿಮರ್ಶೆ ಬರೆದು ಹೆಸರಾದವನು. ಆದರೆ ಅವನ ‘ಆರ್ಮ್ಸ್ ಅಂಡ್ ದಿ ಮ್ಯಾನ್’ ನಾಟಕವನ್ನು ೧೯೦೮ರಲ್ಲಿ ವಿಯೆನ್ನಾದ ಆಸ್ಕರ್ ಸ್ಟ್ರಾಸ್ ‘ಚಾಕೊಲೇಟ್ ಸೋಲ್ಜರ್’ ಎಂಬ ಲಘು ಗೀತನಾಟಕವಾಗಿ ಮಾರ್ಪಡಿಸಿದ ಮೇಲೆ, ಇನ್ನು ಇಂಥದಕ್ಕೆ ಅನುಮತಿಯಿಲ್ಲವೆಂದು ಹಟ ಹಿಡಿದ. ೧೯೫೦ರಲ್ಲಿ ಅವನು ತೀರಿಕೊಂಡ. ಆರು ವರ್ಷ ಕಳೆಯುವುದರೊಳಗೆ ಅವನ ‘ಪಿಗ್ಮೇಲಿಯನ್’ ನಾಟಕ ‘ಮೈ ಫೇರ್ ಲೇಡಿ’ಯಾಗಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯನ್ನೇರಿತು.

ಕಥೆ ಸಾಹಿತ್ಯಾಸಕ್ತರಿಗೆ ಪರಿಚಿತವೇ. ಧ್ವನಿಶಾಸ್ತ್ರಜ್ಞ ಹಿಗಿನ್ಸ್, ಹೂ ಮಾರುವ ಎಲೈಜಾಳ ಕಾಕ್ನಿ ಉಚ್ಚಾರಣೆಯನ್ನು ತಿದ್ದಿ, ಅವಳನ್ನು ಕುಲೀನ ಮಹಿಳೆಯೆಂದು ಸಮಾಜ ನಂಬುವಂತೆ ಮಾಡಲು ಪಣ ತೊಡುತ್ತಾನೆ. ಗೆಲ್ಲುತ್ತಾನೆ, ಗೆದ್ದ ಮೇಲೆ ಆ ಹುಡುಗಿಯ ಗತಿಯೇನೆಂಬ ಯೋಚನೆ ಮಾತ್ರ ಅವನಿಗಿಲ್ಲ. ಇದರಲ್ಲಿ ಪ್ರಣಯವಿಲ್ಲ, ಮೇಳಗಾನಕ್ಕೆ ಎಡೆಯಿಲ್ಲ. ಬಹುಪಾಲು ಕೋಣೆಯೊಳಗಿನ ವಾಗ್ವಾದ. ಅಮೆರಿಕದ ಸಂಗೀತನಾಟಕಕ್ಕೆ ಹೊಸ ದಾರಿ ತೋರಿದ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಜೋಡಿಯೇ ಇದನ್ನು ಯತ್ನಿಸಿ ಕೈಚೆಲ್ಲಿತ್ತು. ಗೀತಕಾರ ಅಲನ್ ಜೇ ಲರ್ನರ್, ಸಂಗೀತಕಾರ ಫ್ರೆಡರಿಕ್ ಲೋವೆ ಇಬ್ಬರೂ ೧೯೫೨ರಲ್ಲಿ ಕೈಹಾಕಿ ಬಿಟ್ಟವರೇ. ಎರಡು ವರ್ಷಗಳ ಬಳಿಕ ಮತ್ತೆ ಹಿಡಿದಾಗ ಉಪಾಯ ಹೊಳೆಯಿತು: ನಾಟಕವನ್ನು ಕದಲಿಸುವುದು ಬೇಡ, ತೆರೆಯ ಹಿಂದೆ ನಡೆಯಿತೆಂದು ಷಾ ಬಿಟ್ಟುಬಿಟ್ಟದ್ದನ್ನು ರಂಗದ ಮೇಲೆ ತಂದರೆ ಸಾಕು. ಪಾಠದ ದಿನಗಳು, ರಾಯಭಾರ ಕಚೇರಿಯ ನೃತ್ಯಕೂಟ, ಇವು ಹಾಡಿಗೆ ಎಡೆಯಾದವು.

ಈ ಕೃತಿಯ ಸಂಗೀತದ ಗುಟ್ಟು ಪಾಠದ ದೃಶ್ಯದಲ್ಲಿದೆ. ‘ರೇನ್’, ‘ಸ್ಪೇನ್’ ಎಂಬಲ್ಲಿಯ ‘ಏ’ಕಾರ ಎಲೈಜಾಳ ಬಾಯಲ್ಲಿ ‘ಐ’ಕಾರವಾಗುತ್ತದೆ. ಆ ಸ್ವರವನ್ನು ತಿದ್ದಲು ೧೯೩೮ರ ಚಲನಚಿತ್ರದಲ್ಲಿ ಬಳಸಿದ್ದ ಅಭ್ಯಾಸವಾಕ್ಯವೇ ಇಲ್ಲಿ ಹಾಡಾಗಿದೆ. ನಡುರಾತ್ರಿ ಕಳೆದಿದೆ, ಮೂವರೂ ದಣಿದಿದ್ದಾರೆ. ಎಲೈಜಾ ಮೆಲ್ಲನೆ ಒಂದೊಂದೇ ಪದವನ್ನು ಸರಿಯಾಗಿ ನುಡಿಯುತ್ತಾಳೆ. ಹಿಗಿನ್ಸ್ ಮತ್ತೊಮ್ಮೆ ಹೇಳಿಸುತ್ತಾನೆ. ಆ ಪುನರುಕ್ತಿಯ ಲಯದಿಂದಲೇ ಸ್ಪೇನಿನ ಕುಣಿತದ ಗತಿ ಹುಟ್ಟಿ ಮೂವರೂ ಕುಣಿಯತೊಡಗುತ್ತಾರೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

ಹಿಗಿನ್ಸ್ ಪಾತ್ರಕ್ಕೆ ಬಂದ ರೆಕ್ಸ್ ಹ್ಯಾರಿಸನ್ ಒಳ್ಳೆಯ ನಟ. ಹಾಡುವ ಕಂಠ ಮಾತ್ರ ಇರಲಿಲ್ಲ. ಆ ಕೊರತೆಯನ್ನೇ ಲೋವೆ ಲಕ್ಷಣವನ್ನಾಗಿ ಮಾಡಿಕೊಂಡ: ರಾಗವನ್ನು ವಾದ್ಯಗಳು ಹೊತ್ತವು, ಹ್ಯಾರಿಸನ್ ತಾಳಕ್ಕೆ ಸರಿಯಾಗಿ ಮಾತಾಡಿದ. ಇಪ್ಪತ್ತರ ತರುಣಿ ಜೂಲಿ ಆಂಡ್ರೂಸ್ ತುಂಬುಕಂಠದಿಂದ ಹಾಡಿದಳು. ಹಾಗಾಗಿ, ಬುದ್ಧಿಯೊಂದನ್ನೇ ನಂಬಿದ ಗಂಡಸು ನುಡಿಯುತ್ತಾನೆ, ಕೆರಳಿದ ಹೆಣ್ಣು ಹಾಡುತ್ತಾಳೆ. ಮೊದಲಿನಿಂದ ಹೀಗೇ ಯೋಜಿಸಿದ್ದರೂ ಇಷ್ಟು ಒಪ್ಪುತ್ತಿರಲಿಲ್ಲವೇನೋ!

ಪ್ರಾಯೋಗಿಕ ಪ್ರದರ್ಶನ ನ್ಯೂ ಹೇವನ್ ಪಟ್ಟಣದಲ್ಲಿ, ೧೯೫೬ರ ಫೆಬ್ರವರಿಯಲ್ಲಿ. ಪೂರ್ಣ ವಾದ್ಯಮೇಳದ ಸದ್ದಿಗೆ ಹ್ಯಾರಿಸನ್ ಬೆದರಿ, ಆ ರಾತ್ರಿ ರಂಗಕ್ಕೆ ಬರುವುದಿಲ್ಲವೆಂದು ಪಟ್ಟು ಹಿಡಿದ. ಹೊರಗೆ ಹಿಮ ಸುರಿಯುತ್ತಿತ್ತು. ಕಡೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಬಂದ, ಪ್ರದರ್ಶನ ಗೆದ್ದಿತು. ಆಮೇಲೆ ನಿರ್ದೇಶಕ ಮಾಸ್ ಹಾರ್ಟ್ ಮತ್ತು ಸಂಗಡಿಗರು ಒಂದು ನೃತ್ಯವನ್ನೂ ಎರಡು ಹಾಡುಗಳನ್ನೂ ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿದರು. ಮಾರ್ಚ್ ೧೫ರಂದು ಬ್ರಾಡ್‌ವೇಯಲ್ಲಿ ತೆರೆಯೆದ್ದದ್ದು ೧೯೬೨ರವರೆಗೆ ೨,೭೧೭ ಪ್ರದರ್ಶನ ಕಂಡಿತು. ಬ್ರಾಡ್‌ವೇ ಸಂಗೀತನಾಟಕಗಳಲ್ಲಿ ಅಲ್ಲಿಯವರೆಗೆ ಅದೇ ದಾಖಲೆ.

ತಕರಾರಿರುವುದು ಮುಕ್ತಾಯದ ಬಗ್ಗೆ. ೧೯೧೪ರ ಲಂಡನ್ ಪ್ರಯೋಗದಲ್ಲಿ ನಟ ಬೀರ್‌ಬಾಮ್ ಟ್ರೀ ಕೊನೆಗೆ ಎಲೈಜಾಳತ್ತ ಹೂ ಎಸೆದು ಪ್ರಣಯದ ಸೂಚನೆ ಕೊಟ್ಟಾಗ ಷಾ ಕೆಂಡವಾದ. ನಾಟಕವನ್ನು ಅಚ್ಚು ಹಾಕಿಸುವಾಗ ಉತ್ತರಕಥೆಯನ್ನೇ ಬರೆದು, ಅವಳು ಮದುವೆಯಾದದ್ದು ಫ್ರೆಡ್ಡಿಯನ್ನು ಎಂದು ಸಾರಿದ. ಲರ್ನರ್ ಅದನ್ನು ಒಪ್ಪಲಿಲ್ಲ. ಚಲನಚಿತ್ರದಲ್ಲಿದ್ದಂತೆ ಎಲೈಜಾಳನ್ನು ಹಿಂದಕ್ಕೆ ಕರೆತಂದ. ನಾಟಕದ ತರ್ಕಕ್ಕೆ ಷಾನ ಮಾತೇ ಸರಿಯೆಂದು ನನಗೆ ತೋರುತ್ತದೆ. ಆದರೆ ಅದಕ್ಕೆ ಮೊದಲು ಹಿಗಿನ್ಸ್ ಒಬ್ಬನೇ ಬೀದಿಯಲ್ಲಿ ನಿಂತು ಅವಳ ಮುಖ ತನಗೆ ರೂಢಿಯಾಗಿಬಿಟ್ಟಿತೆಂದು ಹಾಡಿಕೊಳ್ಳುವುದನ್ನು ಧ್ವನಿಮುದ್ರಿಕೆಯಲ್ಲಿ ಒಮ್ಮೆ ಕೇಳಬೇಕು. ಅಲ್ಲಿಯವರೆಗೆ ಮಾತಿನ ಆಸರೆ ಬಿಡದವನು ಅಲ್ಲಿ ರಾಗಕ್ಕೆ ತೀರ ಹತ್ತಿರ ಬರುತ್ತಾನೆ. ನಡುವೆ ಸಿಟ್ಟಿನಿಂದ ಮತ್ತೆ ಮಾತಿಗೆ ಜಾರಿ, ಮತ್ತೆ ರಾಗವನ್ನು ತಡಕುತ್ತಾನೆ. ತರ್ಕ ಒಪ್ಪದ್ದನ್ನು ಲೋವೆಯ ಸಂಗೀತ ಅಷ್ಟು ಹೊತ್ತಾದರೂ ನಂಬಿಸಿಬಿಡುತ್ತದೆ.

ಅವಳು ಬಂದದ್ದು ತಿಳಿದೊಡನೆ ಅವನು ಕೇಳುವುದು ತನ್ನ ಚಪ್ಪಲಿ ಎಲ್ಲಿವೆಯೆಂದು. ೨೦೧೮ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಬಾರ್ಟ್ಲೆಟ್ ಶೆರ್ ನಿರ್ದೇಶಿಸಿದ ಪ್ರಯೋಗದಲ್ಲಿ ಎಲೈಜಾ ಆ ಪ್ರಶ್ನೆ ಕೇಳಿ, ಅವನ ಕೆನ್ನೆಯನ್ನೊಮ್ಮೆ ಮುಟ್ಟಿ, ರಂಗದಿಂದ ಇಳಿದು ಪ್ರೇಕ್ಷಕರ ನಡುವೆ ನಡೆದು ಹೊರಟುಹೋದಳು.