ಸಿಹಿ ಬಿಟ್ಟರೂ ಸಕ್ಕರೆ ಏಕೆ ಇಳಿಯದು?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಏನನ್ನು ಉಣ್ಣುತ್ತೇವೆ, ಎಷ್ಟು ಉಣ್ಣುತ್ತೇವೆ, ಉಂಡದ್ದು ಒಡಲೊಳಗೆ ಏನಾಗುತ್ತದೆ ಎಂಬ ಅರಿವೇ ಈ ಗಾದೆಯ ‘ಬಲ್ಲ’ ಎಂಬ ಮಾತಿನ ಅರ್ಥ. ಮಧುಮೇಹದ ವಿಷಯದಲ್ಲಿ ಈ ಅರಿವು ಇನ್ನೂ ನಮ್ಮ ಮನೆಗಳನ್ನು ಪೂರ್ಣವಾಗಿ ತಲುಪಿಲ್ಲ. ‘ಸಿಹಿ ಮುಟ್ಟಿ ವರ್ಷವಾಯಿತು, ಚಹಾಕ್ಕೂ ಬೆಲ್ಲವನ್ನೇ ಹಾಕುತ್ತೇವೆ, ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನುತ್ತೇವೆ, ಆದರೂ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿಲ್ಲ’ ಎಂಬ ಅಳಲು ಅನೇಕ ಕುಟುಂಬಗಳಲ್ಲಿ ಕೇಳಿಬರುತ್ತದೆ. ಇವರು ಪಥ್ಯ ಮಾಡುತ್ತಿಲ್ಲವೆಂದಲ್ಲ. ರಕ್ತದಲ್ಲಿರುವ ಸಕ್ಕರೆ ಅಡುಗೆಮನೆಯ ಸಕ್ಕರೆ ಡಬ್ಬಿಯಿಂದ ಮಾತ್ರ ಬರುತ್ತದೆಂಬ ತಿಳಿವಳಿಕೆಯಿಂದ ಅವರ ಪಥ್ಯ ಅರ್ಧಕ್ಕೆ ನಿಂತಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿರುವವರಲ್ಲಿ ಹಲವರನ್ನು ಆಹಾರ ಮತ್ತು ಶ್ರಮದಿಂದಲೇ ಹಿಂದಕ್ಕೆ ತರಲು ಸಾಧ್ಯವಿದೆ. ಆದ್ದರಿಂದ ನಮ್ಮ ನಿತ್ಯದ ಊಟಕ್ಕೂ ರಕ್ತದ ಸಕ್ಕರೆಗೂ ಇರುವ ಸಂಬಂಧವನ್ನು ಈ ಸಂಚಿಕೆಯಲ್ಲಿ ವಿವರವಾಗಿ ನೋಡೋಣ.

ರಕ್ತದಲ್ಲಿರುವುದು ಒಂದು ಚಮಚ ಸಕ್ಕರೆ

ಆರೋಗ್ಯವಂತ ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಬರಿಹೊಟ್ಟೆಯಲ್ಲಿರುವಾಗ ಅಷ್ಟು ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು. ಮಿದುಳು, ಸ್ನಾಯು, ಹೃದಯ ಎಲ್ಲಕ್ಕೂ ಬೇಕಾದ ಇಂಧನವಿದು. ಊಟವಾದ ಮೇಲೆ ಗ್ಲೂಕೋಸ್ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಗ್ಲೂಕೋಸ್ ರಕ್ತದಿಂದ ಜೀವಕೋಶಗಳೊಳಗೆ ಹೋಗಲು ಬಾಗಿಲು ತೆರೆಯುವುದು ಈ ಇನ್ಸುಲಿನ್. ಹೆಚ್ಚಾದ ಗ್ಲೂಕೋಸನ್ನು ಯಕೃತ್ತು ಮತ್ತು ಸ್ನಾಯುಗಳು ಕೂಡಿಟ್ಟುಕೊಳ್ಳುತ್ತವೆ. ಅಲ್ಲಿಯೂ ಮಿಕ್ಕಿದ್ದು ಕೊಬ್ಬಾಗಿ ಪರಿವರ್ತನೆಯಾಗುತ್ತದೆ.

ವರ್ಷಾನುಗಟ್ಟಲೆ ಅಗತ್ಯಕ್ಕಿಂತ ಹೆಚ್ಚು ಉಂಡು, ಶ್ರಮವಿಲ್ಲದೆ ಕುಳಿತರೆ ಹೊಟ್ಟೆಯ ಸುತ್ತ ಕೊಬ್ಬು ಸಂಗ್ರಹವಾಗುತ್ತದೆ. ಆಗ ಜೀವಕೋಶಗಳು ಇನ್ಸುಲಿನ್ನಿನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಗ್ರಂಥಿಯು ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸಿ ದಣಿಯುತ್ತದೆ. ಸಕ್ಕರೆಯು ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ, ನರ, ಹೃದಯಗಳ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಭಾರತೀಯರಲ್ಲಿ ಮೈ ತೆಳ್ಳಗಿದ್ದರೂ ಹೊಟ್ಟೆಯ ಕೊಬ್ಬು ಹೆಚ್ಚಿರುವುದು ಸಾಮಾನ್ಯ. ಆದಕಾರಣ ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ.

ಅನ್ನ, ರೊಟ್ಟಿ, ಮುದ್ದೆ

ಒಂದು ತುತ್ತು ರೊಟ್ಟಿಯನ್ನು ಏನೂ ನಂಜಿಕೊಳ್ಳದೆ ಒಂದು ನಿಮಿಷ ಚೆನ್ನಾಗಿ ಅಗಿದು ನೋಡಿದರೆ ಬಾಯಲ್ಲಿ ಸಣ್ಣಗೆ ಸಿಹಿ ಮೂಡುತ್ತದೆ. ರೊಟ್ಟಿಯ ಪಿಷ್ಟವನ್ನು ಎಂಜಲು ಅಲ್ಲಿಯೇ ಸಕ್ಕರೆಯಾಗಿ ಒಡೆಯತೊಡಗಿರುತ್ತದೆ. ಕರುಳಿನಲ್ಲಿ ಈ ಕ್ರಿಯೆ ಪೂರ್ಣಗೊಂಡು, ಪಿಷ್ಟವೆಲ್ಲ ಗ್ಲೂಕೋಸ್ ಆಗುತ್ತದೆ. ನಾಲಿಗೆಗೆ ಸಿಹಿಯೆನಿಸದ ಆಹಾರವೂ ರಕ್ತಕ್ಕೆ ಸಕ್ಕರೆಯಾಗಿಯೇ ಸೇರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳಂತೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ಜೋಳ ಮತ್ತು ರಾಗಿಯಲ್ಲಿ ಸುಮಾರು 67 ಗ್ರಾಂ, ಗೋಧಿ ಹಿಟ್ಟಿನಲ್ಲಿ ಸುಮಾರು 64 ಗ್ರಾಂ. ಅಂದಮೇಲೆ ಎರಡು ಹಿಡಿ ಅನ್ನ ಬಿಟ್ಟು ನಾಲ್ಕು ಚಪಾತಿ ತಿಂದವರಿಗೆ ಸಕ್ಕರೆ ಇಳಿಯದಿದ್ದರೆ ಆಶ್ಚರ್ಯವೇನು? ಧಾನ್ಯ ಬದಲಾದರೂ ಪಿಷ್ಟದ ಒಟ್ಟು ಮೊತ್ತ ಕಡಿಮೆಯಾಗಿರುವುದಿಲ್ಲ.

ಹಾಗಾದರೆ ಜೋಳ, ರಾಗಿಗಳಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ಪಾಲಿಶ್ ಅಕ್ಕಿಯಲ್ಲಿ 100 ಗ್ರಾಮಿಗೆ ಸುಮಾರು 3 ಗ್ರಾಂ ನಾರಿನಂಶವಿದ್ದರೆ ಜೋಳ, ರಾಗಿ, ಸಜ್ಜೆಗಳಲ್ಲಿ 10ರಿಂದ 11 ಗ್ರಾಂ ಇರುತ್ತದೆ. ನಾರು ಜೀರ್ಣಕ್ರಿಯೆಯನ್ನು ನಿಧಾನಗೊಳಿಸಿ, ಬೇಗನೆ ಹೊಟ್ಟೆ ತುಂಬಿದ ಭಾವವನ್ನು ಕೊಡುತ್ತದೆ. ರಾಗಿಯಲ್ಲಿ ಎಲುಬಿಗೆ ಬೇಕಾದ ಸುಣ್ಣದಂಶವೂ ಹೇರಳವಾಗಿದೆ. ಆದರೆ ಈ ಗುಣಗಳು ಅಳತೆ ಮೀರಿ ಉಣ್ಣಲು ಕೊಟ್ಟ ಪರವಾನಗಿಯಲ್ಲ.

ಧಾನ್ಯದಷ್ಟೇ ಅದರ ರೂಪವೂ ಮುಖ್ಯ. ಯಾವ ಆಹಾರ ಎಷ್ಟು ವೇಗವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂಬುದನ್ನು ಅಳೆಯುವ ‘ಗ್ಲೈಸೀಮಿಕ್ ಸೂಚ್ಯಂಕ’ವನ್ನು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು 1981ರಲ್ಲಿ ಮಂಡಿಸಿದರು. ಇದರಲ್ಲಿ ಶುದ್ಧ ಗ್ಲೂಕೋಸಿನ ಸಂಖ್ಯೆ 100. 55 ಮತ್ತು ಅದಕ್ಕಿಂತ ಕೆಳಗಿನದು ನಿಧಾನದ ಆಹಾರ, 70 ಮತ್ತು ಅದಕ್ಕಿಂತ ಮೇಲಿನದು ವೇಗದ ಆಹಾರ. ಧಾನ್ಯವನ್ನು ನುಣ್ಣಗೆ ಬೀಸಿದಷ್ಟೂ, ಮೆತ್ತಗೆ ಬೇಯಿಸಿದಷ್ಟೂ, ಅರಳಿಸಿದಷ್ಟೂ ಅದು ಬೇಗನೆ ಜೀರ್ಣವಾಗಿ ಸಕ್ಕರೆಯನ್ನು ವೇಗವಾಗಿ ಏರಿಸುತ್ತದೆ. ಬೇಯಿಸಿದ ಕಡಲೆ, ಹೆಸರು, ಹುರುಳಿ, ಮಡಕಿ ಕಾಳುಗಳು ನಿಧಾನದ ಗುಂಪಿಗೆ ಸೇರಿದರೆ, ಮಂಡಕ್ಕಿ, ಮೈದಾ ಬ್ರೆಡ್ಡುಗಳು ವೇಗದ ಗುಂಪಿಗೆ ಸೇರುತ್ತವೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ನುಣುಪಾದ ರಾಗಿ ಹಿಟ್ಟಿನ ಗಂಜಿಯನ್ನು ದೊಡ್ಡ ಲೋಟದಲ್ಲಿ ಕುಡಿಯುವವರು ಇದನ್ನು ಗಮನಿಸಬೇಕು. ಅದೇ ರಾಗಿಯ ಸಣ್ಣ ಮುದ್ದೆಯನ್ನು ಸೊಪ್ಪು, ಕಾಳಿನ ಸಾರಿನೊಡನೆ ಉಂಡರೆ ಏರಿಕೆ ಅಷ್ಟು ತೀವ್ರವಾಗಿರುವುದಿಲ್ಲ.

ಬೆಲ್ಲ ಮತ್ತು ಜೇನು

ಬೆಲ್ಲವು ಸಕ್ಕರೆಗಿಂತ ಸಾತ್ವಿಕ, ಅದರಿಂದ ಮಧುಮೇಹಕ್ಕೆ ಬಾಧಕವಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ ಮತ್ತು ಇತರ ಖನಿಜಗಳು ಇರುವುದು ನಿಜ. ಆದರೆ ಅದರ ಬಹುಪಾಲು ಕಬ್ಬಿನ ಸಕ್ಕರೆಯೇ. ಎರಡೂ ಬಂದದ್ದು ಒಂದೇ ಗಾಣದಿಂದ, ಒಂದೇ ಹಾಲಿನಿಂದ. ಶಕ್ತಿಯ ಲೆಕ್ಕದಲ್ಲಿಯೂ ಇವೆರಡಕ್ಕೆ ಹೆಚ್ಚಿನ ಅಂತರವಿಲ್ಲ. ಜೇನಿನಲ್ಲಿಯೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸಕ್ಕರೆಗಳೇ ಮುಖ್ಯವಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯು ಆಹಾರಕ್ಕೆ ಬೆರೆಸಿದ ಸಕ್ಕರೆಯೊಡನೆ ಜೇನು ಮತ್ತು ಹಣ್ಣಿನ ರಸವನ್ನೂ ಒಂದೇ ಲೆಕ್ಕದಲ್ಲಿ ಹಿಡಿದಿದೆ. ಇಡೀ ಹಣ್ಣಿನಲ್ಲಿ ನಾರು ಇರುವುದರಿಂದ ಅದನ್ನು ಈ ಲೆಕ್ಕದಿಂದ ಹೊರಗಿಟ್ಟಿದೆ. ಒಂದು ಮೂಸಂಬಿಯನ್ನು ಸುಲಿದು ತಿನ್ನುವುದಕ್ಕೂ ನಾಲ್ಕು ಮೂಸಂಬಿಯ ರಸವನ್ನು ಒಂದೇ ಗುಟುಕಿನಲ್ಲಿ ಕುಡಿಯುವುದಕ್ಕೂ ಇರುವ ವ್ಯತ್ಯಾಸವಿದು.

ಲೆಕ್ಕಕ್ಕೆ ಬಾರದ ಸಿಹಿ

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ಇಂತಹ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ರೊಳಗಿರಬೇಕು, ಶೇ. 5ರೊಳಗಿದ್ದರೆ ಇನ್ನೂ ಉತ್ತಮ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಶೇ. 5 ಎಂದರೆ 25 ಗ್ರಾಂ, ಅಂದರೆ ಐದು ಚಹಾ ಚಮಚ.

ಈಗ ನಮ್ಮ ದಿನಚರಿಯನ್ನು ನೋಡೋಣ. ಒಂದು ಕಪ್ ಚಹಾಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಕಪ್ ಕುಡಿದರೆ 40 ಗ್ರಾಂ ಸಕ್ಕರೆಯಾಯಿತು. ತಿಂಗಳಿಗೆ ಅದು 1,200 ಗ್ರಾಂ. ಚಹಾದೊಡನೆ ತಿಂದ ಬಿಸ್ಕತ್ತು, ಮನೆಗೆ ಬಂದವರೊಡನೆ ತಿಂದ ಪೇಢೆ, ಬೇಸಿಗೆಯಲ್ಲಿ ಕುಡಿದ ಬಾಟಲಿಯ ಪಾನೀಯ ಬೇರೆ. 300 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿಯೇ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ದ್ರವರೂಪದ ಸಿಹಿ ಹೊಟ್ಟೆ ತುಂಬಿಸದೆ ಬೇಗನೆ ರಕ್ತಕ್ಕೆ ಇಳಿಯುತ್ತದೆ.

ಸಕ್ಕರೆಯ ಒಂದೊಂದು ಕಣದಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಇರುತ್ತದೆ. ಫ್ರಕ್ಟೋಸ್ ಬಹುಮಟ್ಟಿಗೆ ಯಕೃತ್ತಿನಲ್ಲಿ ಪಚನವಾಗುವುದರಿಂದ ಅತಿಯಾದಾಗ ಅಲ್ಲಿಯೇ ಕೊಬ್ಬಾಗಿ ಕೂರುತ್ತದೆ. ಮಕ್ಕಳಲ್ಲಿ ಇನ್ನೊಂದು ತೊಂದರೆಯಿದೆ. ಬಾಯಿಯಲ್ಲಿನ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಉಂಡು ಆಮ್ಲವನ್ನು ಬಿಡುತ್ತವೆ; ಆ ಆಮ್ಲ ಹಲ್ಲನ್ನು ಕೊರೆಯುತ್ತದೆ. ದಿನವಿಡೀ ಆಗಾಗ ಪೆಪ್ಪರಮಿಂಟು, ಚಾಕಲೇಟು ಚೀಪುವ ಮಗುವಿನ ಹಲ್ಲು ಬೇಗ ಹುಳುಕಾಗುವುದು ಇದರಿಂದಲೇ.

ಗೃಹಿಣಿಯರು ಒಂದು ಸುಲಭದ ಲೆಕ್ಕವನ್ನು ಇಟ್ಟುಕೊಳ್ಳಬಹುದು. ನಾಲ್ವರ ಕುಟುಂಬಕ್ಕೆ ತಲಾ 25 ಗ್ರಾಮಿನಂತೆ ದಿನಕ್ಕೆ 100 ಗ್ರಾಂ, ತಿಂಗಳಿಗೆ 3 ಕಿಲೋ. ಸಕ್ಕರೆ, ಬೆಲ್ಲ, ಹೊರಗಿನ ಸಿಹಿ ಎಲ್ಲವೂ ಇದರೊಳಗೆ ಮುಗಿಯಬೇಕು. ಕಿರಾಣಿ ಚೀಟಿ ಬರೆಯುವಾಗ ಈ ಸಂಖ್ಯೆಯನ್ನು ನೆನೆದರೆ ಸಾಕು.

ಒಂದು ತಟ್ಟೆಯ ಕ್ರಮ

ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದೆನ್ನುತ್ತದೆ. 2,000 ಕ್ಯಾಲೊರಿಯ ಆಹಾರದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ ಇರಬೇಕೆಂಬುದು ಅದರ ಸಲಹೆ. ನಮ್ಮ ಬಹುತೇಕ ಮನೆಗಳಲ್ಲಿ ಇದು ತಿರುವುಮುರುವಾಗಿದೆ: ರಾಶಿ ಅನ್ನ, ಅದರ ಮೇಲೆ ತಿಳಿಸಾರು, ಬದಿಗೆ ಒಂದು ಚಮಚ ಪಲ್ಯ.

ಇದನ್ನು ಸರಿಪಡಿಸಲು ದೂರದೇಶದ ದುಬಾರಿ ಪದಾರ್ಥ ಬೇಕಿಲ್ಲ. ತಟ್ಟೆಯ ಅರ್ಧಭಾಗ ಪಲ್ಯ, ಸೊಪ್ಪು, ಪಚಡಿ, ಕೋಸಂಬರಿ; ಕಾಲುಭಾಗ ಕಾಳು, ಝುಣಕ ಅಥವಾ ಗಟ್ಟಿ ಬೇಳೆ; ಉಳಿದ ಕಾಲುಭಾಗದಲ್ಲಿ ರೊಟ್ಟಿ ಅಥವಾ ಅನ್ನ ಅಥವಾ ಮುದ್ದೆ. ಎರಡು ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಸ್ವಲ್ಪ ಶೇಂಗಾ ಹಿಂಡಿ, ಒಂದು ಲೋಟ ಮಜ್ಜಿಗೆ ಇದ್ದರೆ ಅದೇ ಉತ್ತಮ ಪಥ್ಯ. ಮೊದಲು ಪಲ್ಯ, ಕಾಳುಗಳನ್ನು ತಿಂದು ಕೊನೆಗೆ ಅನ್ನ ಉಂಡರೆ ಸಕ್ಕರೆಯ ಏರಿಕೆ ಕಡಿಮೆಯಾಗುವುದನ್ನು ಪರೀಕ್ಷೆಗಳು ತೋರಿಸಿವೆ. ಊಟದ ನಂತರ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ, ದುಡಿಯುವ ಸ್ನಾಯುಗಳು ಹೆಚ್ಚು ಇನ್ಸುಲಿನ್ನಿನ ಹಂಗಿಲ್ಲದೆಯೇ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ.

ಉಪವಾಸ, ಹಬ್ಬ, ದಾಸೋಹ

ಶ್ರಾವಣದ ಸೋಮವಾರ, ಶಿವರಾತ್ರಿಗಳಲ್ಲಿ ಉಪವಾಸ ಮಾಡುವ ಭಕ್ತರು ಅನೇಕರಿದ್ದಾರೆ. ಹಗಲೆಲ್ಲ ಬರಿಹೊಟ್ಟೆಯಲ್ಲಿದ್ದು ಸಂಜೆ ಸಾಬಕ್ಕಿ ಖಿಚಡಿ, ಬಾಳೆಹಣ್ಣು, ಸಿಹಿ ಅವಲಕ್ಕಿಗಳನ್ನು ಒಮ್ಮೆಲೇ ತಿಂದರೆ ಅದು ಊಟಕ್ಕಿಂತ ಹೆಚ್ಚು ಸಕ್ಕರೆ ಏರಿಸೀತು. ಸಾಬಕ್ಕಿಯು ಮರಗೆಣಸಿನ ಪಿಷ್ಟದಿಂದ ಮಾಡಿದ್ದು. ಅದರಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ.

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆಗಳನ್ನು ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಕಣ್ಣು ಕತ್ತಲೆಗಟ್ಟುವುದು, ಮಾತು ತಡವರಿಸುವುದು ಇದರ ಲಕ್ಷಣಗಳು. ಆಗ ವ್ರತಭಂಗದ ಶಂಕೆ ಬೇಡ. ಎಚ್ಚರವಿದ್ದವರಿಗೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಕೈಗೊಳ್ಳಬಾರದು, ಔಷಧವನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಹಬ್ಬದ ಹೋಳಿಗೆಯನ್ನಾಗಲಿ, ಜಾತ್ರೆಯ ಗೋಧಿ ಹುಗ್ಗಿಯನ್ನಾಗಲಿ ಯಾರೂ ಪೂರ್ತಿ ತೊರೆಯಬೇಕಿಲ್ಲ. ಪ್ರಸಾದವನ್ನು ಎಡೆಯಲ್ಲಿ ಬಿಡಬಾರದೆಂಬ ಸಂಪ್ರದಾಯ ನಮ್ಮದು. ಆದ್ದರಿಂದ ಬಡಿಸುವಾಗಲೇ ‘ಒಂದು ಚಮಚ ಸಾಕು’ ಎಂದು ಕೈಮುಗಿದು ಹೇಳುವುದು ಉಚಿತ. ಬಡಿಸುವವರೂ ಒತ್ತಾಯಿಸದೆ ಆ ಮಾತನ್ನು ಗೌರವಿಸಬೇಕು. ಅಂದು ಸಿಹಿ ಉಂಡವರು ಅನ್ನವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಬೇಕು.

ಪರೀಕ್ಷೆಯೇ ಪ್ರಮಾಣ

ಆರಂಭದಲ್ಲಿ ಮಧುಮೇಹಕ್ಕೆ ನೋವಿಲ್ಲ, ಜ್ವರವಿಲ್ಲ. ಹಾಗಾಗಿ ಮೂವತ್ತು ದಾಟಿದವರು, ಅದರಲ್ಲಿಯೂ ತಂದೆತಾಯಿಗಳಿಗೆ ಈ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಬರಿಹೊಟ್ಟೆಯ ರಕ್ತದಲ್ಲಿ 100 ಮಿಲಿಲೀಟರಿಗೆ ಸಕ್ಕರೆ 100 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸಹಜ. 100ರಿಂದ 125 ಇದ್ದರೆ ಎಚ್ಚರಿಕೆಯ ಗಂಟೆ. 126 ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಮಧುಮೇಹ. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡುವವರ ನಿಜಸ್ಥಿತಿಯನ್ನು ‘ಎಚ್‌ಬಿಎ1ಸಿ’ ಪರೀಕ್ಷೆ ತೋರಿಸುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆ ಕಣಕ್ಕೆ ಅಂಟಿದ ಸಕ್ಕರೆಯು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅದು ಶೇ. 6.5 ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆಯೆಂದು ತಿಳಿಯಬೇಕು.

ಸಿಹಿಯನ್ನು ಬಿಟ್ಟೂ ಸಕ್ಕರೆ ಇಳಿಯದವರು ನಿರಾಶರಾಗಬೇಕಿಲ್ಲ. ಚಹಾದ ಚಮಚವನ್ನು ಎಣಿಸಿ, ಬೆಲ್ಲವನ್ನೂ ಅದೇ ಲೆಕ್ಕಕ್ಕೆ ಸೇರಿಸಿ, ತಟ್ಟೆಯ ಧಾನ್ಯವನ್ನು ಒಂದು ಪಾಲು ಇಳಿಸಿ, ಕಾಳು ಸೊಪ್ಪುಗಳನ್ನು ಒಂದು ಪಾಲು ಏರಿಸಿ, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ ನೋಡಲಿ. ಒಬ್ಬರಿಗಾಗಿ ಮಾಡಿದ ಈ ಬದಲಾವಣೆ ಇಡೀ ಮನೆಯ ಊಟವಾದರೆ ಮಕ್ಕಳೂ ಆ ಹೊಸ್ತಿಲಿಗೆ ಬಾರದೆ ಉಳಿದಾರು.