ನೆರೂಲ್ ಅಂಗಣದಿಂದ ಪ್ಯಾರಿಸ್ ವೇದಿಕೆಗೆ: ವರ್ಷದ ಶ್ರೇಷ್ಠ ಮಹಿಳಾ ಫುಟ್ಬಾಲ್ ತಾರೆಯರು

ಮುಂಬಯಿ: ನವಿಮುಂಬಯಿ ನೆರೂಲ್‌ನ ಡಿ. ವೈ. ಪಾಟೀಲ್ ಕ್ರೀಡಾಂಗಣ ಎಂದೊಡನೆ ಇಲ್ಲಿನ ತುಳು-ಕನ್ನಡಿಗರಿಗೆ ನೆನಪಾಗುವುದು ಐಪಿಎಲ್ ಕ್ರಿಕೆಟ್. ಆದರೆ 2022ರ ಅಕ್ಟೋಬರ್ 30ರಂದು ಅದೇ ಅಂಗಣದಲ್ಲಿ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಫುಟ್ಬಾಲ್ ಫೈನಲ್ ಜರಗಿತ್ತು. ಸ್ಪೇನ್ ತಂಡವು ಕೊಲಂಬಿಯಾವನ್ನು 1-0 ಗೋಲಿನಿಂದ ಮಣಿಸಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿಗೆ ಸಲ್ಲುವ ಚಿನ್ನದ ಚೆಂಡು ಸ್ಪೇನ್‌ನ ವಿಕ್ಕಿ ಲೋಪೆಜ್ ಎಂಬ ಹದಿನಾರರ ಹುಡುಗಿಯ ಪಾಲಾಯಿತು. ಮೂರು ವರ್ಷಗಳ ಬಳಿಕ, 2025ರ ಸೆಪ್ಟೆಂಬರ್ 22ರಂದು, ಪ್ಯಾರಿಸ್‌ನ ಶಾತ್ಲೆ ರಂಗಮಂದಿರದ ವೇದಿಕೆಯನ್ನೇರಿ ಉದಯೋನ್ಮುಖ ಆಟಗಾರ್ತಿಯರಿಗಾಗಿ ಮೊತ್ತಮೊದಲ ಬಾರಿಗೆ ನೀಡಲಾದ ಕೋಪಾ ಟ್ರೋಫಿಯನ್ನು ಸ್ವೀಕರಿಸಿದವಳೂ ಅವಳೇ. ಅಂದು ನೆರೂಲ್‌ಗೆ ತೆರಳಿ ಪಂದ್ಯ ನೋಡಿದವರು ಈ ಸುದ್ದಿ ಓದಿ 'ಅವಳನ್ನು ನಾವು ಕಣ್ಣಾರೆ ಕಂಡಿದ್ದೇವೆ' ಎಂದು ಹೆಮ್ಮೆಪಟ್ಟರೆ ತಪ್ಪೇನಿಲ್ಲ.

ಅದೇ ಪ್ಯಾರಿಸ್ ಸಮಾರಂಭದ ಮುಖ್ಯ ಪ್ರಶಸ್ತಿ 'ಬ್ಯಾಲನ್ ಡಿ'ಓರ್', ಅಂದರೆ ಬಂಗಾರದ ಚೆಂಡು. ಪುರುಷರಿಗೆ ಇದು 1956ರಿಂದಲೇ ದೊರೆಯುತ್ತಿದೆ. ಮಹಿಳೆಯರಿಗೆ ದೊರೆಯತೊಡಗಿದ್ದು 2018ರಲ್ಲಿ! ಅರುವತ್ತೆರಡು ವರ್ಷಗಳ ಈ ಅಂತರಕ್ಕೆ ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಾಗಿಲ್ಲ. 1920ರ ಕ್ರಿಸ್‌ಮಸ್ ಮರುದಿನ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಪ್ರೆಸ್ಟನ್ನಿನ ಕಾರ್ಖಾನೆಯೊಂದರ ಯುವತಿಯರ ತಂಡ ಆಡಿದ ಪಂದ್ಯಕ್ಕೆ ಸುಮಾರು 53,000 ಪ್ರೇಕ್ಷಕರು ನೆರೆದಿದ್ದರು. ಮರುವರ್ಷವೇ ಅಲ್ಲಿನ ಫುಟ್ಬಾಲ್ ಸಂಸ್ಥೆಯು 'ಈ ಆಟ ಹೆಂಗಸರಿಗೆ ತಕ್ಕುದಲ್ಲ' ಎಂದು ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ನಿಷೇಧಿಸಿತು. ನಿಷೇಧ ತೆರವಾಗಲು ಸುಮಾರು ಅರ್ಧ ಶತಮಾನವೇ ಹಿಡಿಯಿತು. ಜರ್ಮನಿಯಲ್ಲಿ 1955ರಿಂದ 1970ರ ವರೆಗೆ ಇಂತಹುದೇ ನಿಷೇಧ. ಫುಟ್ಬಾಲನ್ನೇ ಉಸಿರಾಡುವ ಬ್ರೆಜಿಲ್‌ನಲ್ಲಿ 1941ರಿಂದ 1979ರ ವರೆಗೆ ಮಹಿಳೆ ಚೆಂಡು ಒದೆಯುವುದೇ ಕಾನೂನುಬಾಹಿರವಾಗಿತ್ತು. ಆಡಲಿಕ್ಕೇ ಬಿಡದ ಮೇಲೆ ಪ್ರಶಸ್ತಿ ಎಲ್ಲಿಂದ ಬರಬೇಕು?

ಜಾಗತಿಕ ಸಂಸ್ಥೆ ಫಿಫಾ ಮಾತ್ರ ಸ್ವಲ್ಪ ಬೇಗನೆ ಎಚ್ಚೆತ್ತು 2001ರಲ್ಲಿ ವರ್ಷದ ವಿಶ್ವ ಆಟಗಾರ್ತಿ ಪ್ರಶಸ್ತಿಯನ್ನು ಆರಂಭಿಸಿತು. ಮೊದಲೆರಡು ವರ್ಷ ಅಮೆರಿಕದ ಮಿಯಾ ಹ್ಯಾಮ್, ಮುಂದಿನ ಮೂರು ವರ್ಷ ಜರ್ಮನಿಯ ಬಿರ್ಗಿಟ್ ಪ್ರಿಂಝ್. ಇಟಲಿಯ ಪುರುಷರ ಕ್ಲಬ್ ಪೆರುಜಿಯಾದ ಅಧ್ಯಕ್ಷರು 2003ರಲ್ಲಿ ಪ್ರಿಂಝ್‌ರನ್ನು ತಮ್ಮ ತಂಡಕ್ಕೇ ಸೇರಿಸಿಕೊಳ್ಳಲು ಮುಂದಾದಾಗ ಆಕೆ ನಯವಾಗಿ ನಿರಾಕರಿಸಿದರು.

ಬಳಿಕ ಬಂದವರು ಬ್ರೆಜಿಲ್‌ನ ಮಾರ್ತಾ. ಈಶಾನ್ಯ ಬ್ರೆಜಿಲ್‌ನ ಅಲಾಗೋವಾಸ್ ರಾಜ್ಯದ ದೋಯಿಸ್ ರಿಯಾಚೋಸ್ ಎಂಬ ಬಡ ಊರಿನಲ್ಲಿ ಹುಡುಗರೊಂದಿಗೆ ಬರಿಗಾಲಲ್ಲಿ ಆಡುತ್ತಾ ಬೆಳೆದ ಹುಡುಗಿ. ಹದಿನಾಲ್ಕನೇ ವಯಸ್ಸಿನಲ್ಲಿ ಬಸ್ಸು ಹತ್ತಿ, ದಿನಗಟ್ಟಲೆ ಪ್ರಯಾಣಿಸಿ ರಿಯೋ ನಗರ ಸೇರಿದಳು. ಹದಿಹರೆಯದಲ್ಲೇ ಟ್ರಂಕು ಹಿಡಿದು ಊರು ಬಿಟ್ಟು ಮುಂಬಯಿಗೆ ಬಂದು ಹೊಟೇಲು ಸೇರಿದ ಹಿರಿಯರ ಕಥೆ ಕೇಳಿ ಬೆಳೆದವರಿಗೆ ಈ ಬಸ್ ಪ್ರಯಾಣವನ್ನು ವಿವರಿಸಿ ಹೇಳಬೇಕಾಗಿಲ್ಲ. 2006ರಿಂದ 2010ರ ವರೆಗೆ ಸತತ ಐದು ಬಾರಿ, ಮತ್ತೆ 2018ರಲ್ಲಿ ಆರನೇ ಬಾರಿ ಮಾರ್ತಾ ಈ ಪ್ರಶಸ್ತಿಗೆ ಭಾಜನರಾದರು. ವಿಶ್ವಕಪ್ ಪಂದ್ಯಗಳಲ್ಲಿ ಅವರ ಗೋಲುಗಳು 17. ಮಹಿಳೆಯರ ವರ್ಷದ ಅತ್ಯುತ್ತಮ ಗೋಲಿಗೆ ಫಿಫಾ 2024ರಲ್ಲಿ ಅವರ ಹೆಸರಿನಲ್ಲೇ 'ಮಾರ್ತಾ ಪ್ರಶಸ್ತಿ' ಸ್ಥಾಪಿಸಿತು. ಮೊದಲ ವರ್ಷ ಅದನ್ನು ಗೆದ್ದವರು ಯಾರು ಗೊತ್ತೇ? ಸಾಕ್ಷಾತ್ ಮಾರ್ತಾ!

ಈ ಪಟ್ಟಿಯಲ್ಲಿ ಏಷ್ಯಾದ ಮೊದಲ ಹೆಸರು ಜಪಾನಿನ ಹೊಮಾರೆ ಸಾವಾ ಅವರದು. 2011ರ ಮಾರ್ಚ್‌ನಲ್ಲಿ ಭೂಕಂಪ ಹಾಗೂ ಸುನಾಮಿಯಿಂದ ಜಪಾನ್ ತತ್ತರಿಸಿತ್ತು. ನಾಲ್ಕೇ ತಿಂಗಳ ಬಳಿಕ ವಿಶ್ವಕಪ್ ಫೈನಲ್‌ನಲ್ಲಿ ಬಲಾಢ್ಯ ಅಮೆರಿಕದ ಎದುರು ಸೋಲು ಖಚಿತವೆನಿಸಿದಾಗ, 117ನೇ ನಿಮಿಷದಲ್ಲಿ ನಾಯಕಿ ಸಾವಾ ಸಮಬಲದ ಗೋಲು ಹೊಡೆದರು. ಪೆನಾಲ್ಟಿಯಲ್ಲಿ ಕಪ್ ಜಪಾನಿಗೆ ಒಲಿಯಿತು. 2012ರ ಜನವರಿಯಲ್ಲಿ ಝೂರಿಚ್‌ನಲ್ಲಿ ಜರಗಿದ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಸಾವಾ ಆಗಮಿಸಿದ್ದು ಕಿಮೋನೋ ಧರಿಸಿ. ಪರದೇಶದ ಸಭೆಯಲ್ಲಿ ತನ್ನ ನಾಡಿನ ಉಡುಗೆಯ ಮಹತ್ವವೇನೆಂಬುದು ಹೊರನಾಡಿನವರಿಗೇ ಚೆನ್ನಾಗಿ ಗೊತ್ತು.

2018ರ ಡಿಸೆಂಬರ್‌ನಲ್ಲಿ ಮೊದಲ ಮಹಿಳಾ ಬ್ಯಾಲನ್ ಡಿ'ಓರ್ ಪಡೆದವರು ನಾರ್ವೆಯ ಆದಾ ಹೆಗರ್‌ಬರ್ಗ್. ಭಾಷಣ ಮುಗಿಸಿದ 23ರ ಈ ತರುಣಿಯನ್ನು ವೇದಿಕೆಯಲ್ಲಿದ್ದ ಸಂಗೀತಗಾರರೊಬ್ಬರು ಸೊಂಟ ಕುಣಿಸುವ ನೃತ್ಯ ಬರುತ್ತದೆಯೇ ಎಂದು ಕೇಳಿಬಿಟ್ಟರು. 'ಇಲ್ಲ' ಎಂದಷ್ಟೇ ಹೇಳಿ ಆಕೆ ಮುಖ ತಿರುಗಿಸಿದರು. ಸಂಗೀತಗಾರರು ಕ್ಷಮೆ ಯಾಚಿಸಿದರೂ ಜಗತ್ತಿನ ಪತ್ರಿಕೆಗಳಲ್ಲಿ ಮರುದಿನ ಚರ್ಚೆಯಾದದ್ದು ಆಟಕ್ಕಿಂತ ಹೆಚ್ಚಾಗಿ ಆ ಪ್ರಶ್ನೆಯೇ. ಅಷ್ಟು ಹೊತ್ತಿಗಾಗಲೇ ಹೆಗರ್‌ಬರ್ಗ್, ತಮ್ಮ ದೇಶದಲ್ಲಿ ಮಹಿಳಾ ಫುಟ್ಬಾಲ್‌ಗೆ ತಕ್ಕ ಗೌರವವಿಲ್ಲವೆಂದು 2017ರಿಂದ ರಾಷ್ಟ್ರೀಯ ತಂಡಕ್ಕೆ ಆಡುವುದನ್ನೇ ನಿಲ್ಲಿಸಿದ್ದರು. 2019ರ ವಿಶ್ವಕಪ್ಪನ್ನೂ ತ್ಯಜಿಸಿ, 2022ರಲ್ಲಷ್ಟೇ ಮರಳಿದರು. ವಿಶ್ವದ ಶ್ರೇಷ್ಠ ಆಟಗಾರ್ತಿಯಿಲ್ಲದ ವಿಶ್ವಕಪ್ ನಡೆದದ್ದು ಹೀಗೆ.

ಆ ಮೇಲಿನ ವರ್ಷಗಳು ಸ್ಪೇನಿನವು. ಬಾರ್ಸಿಲೋನಾ ಕ್ಲಬ್ಬಿನ ಅಲೆಕ್ಸಿಯಾ ಪುಟೆಯಾಸ್ 2021 ಮತ್ತು 2022ರಲ್ಲಿ, ಅದೇ ಕ್ಲಬ್ಬಿನ ಐತಾನಾ ಬೊನ್ಮಾಟಿ 2023, 2024 ಹಾಗೂ 2025ರಲ್ಲಿ ಬಂಗಾರದ ಚೆಂಡನ್ನು ಮುಡಿಗೇರಿಸಿಕೊಂಡರು. ಬೊನ್ಮಾಟಿ ಎಂಬುದು ತಾಯಿಯ ಕುಲನಾಮ. ತಂದೆಯ ಹೆಸರೇ ಮೊದಲು ಬರಬೇಕೆಂಬ ನಿಯಮದ ವಿರುದ್ಧ ಹೋರಾಡಿ ಮಗಳಿಗೆ ತಾಯಿಯ ಹೆಸರನ್ನು ಮೊದಲಿಗೆ ಕೊಟ್ಟವರು ಆಕೆಯ ತಂದೆ-ತಾಯಿ ಇಬ್ಬರೂ. ಅಳಿಯಕಟ್ಟಿನ ಸಂಪ್ರದಾಯದಲ್ಲಿ ತಾಯಿಯ ಬಳಿಯನ್ನು ಹೇಳಿಕೊಳ್ಳುವ ತುಳುನಾಡಿನವರಿಗೆ ಇದು ವಿಶೇಷವೆನಿಸಲಿಕ್ಕಿಲ್ಲ.

ಆಯ್ಕೆ ಹೇಗೆ ಎಂಬ ಪ್ರಶ್ನೆ ಸಹಜ. ಫಿಫಾ ಪ್ರಶಸ್ತಿಗೆ ರಾಷ್ಟ್ರೀಯ ತಂಡಗಳ ನಾಯಕಿಯರು, ತರಬೇತುದಾರರು, ಪತ್ರಕರ್ತರು ಮತ್ತು ಅಭಿಮಾನಿಗಳು ಮತ ಚಲಾಯಿಸುತ್ತಾರೆ. ಆದ್ದರಿಂದ ಭಾರತದ ನಾಯಕಿಗೂ ಒಂದು ಮತವಿದೆ. ಬ್ಯಾಲನ್ ಡಿ'ಓರ್‌ನಲ್ಲಿ ಮತದಾನದ ಹಕ್ಕಿರುವುದು ಪತ್ರಕರ್ತರಿಗೆ ಮಾತ್ರ.

ಭಾರತದಲ್ಲಿಯೂ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ವರ್ಷದ ಆಟಗಾರ್ತಿಯನ್ನು ಗೌರವಿಸುತ್ತಿದೆ. ಫಿಫಾ ಪ್ರಶಸ್ತಿ ಆರಂಭವಾದ 2001ರಲ್ಲೇ ಇಲ್ಲಿ ಪುರಸ್ಕೃತರಾದವರು ಮಣಿಪುರದ ಓಯ್ನಾಂ ಬೆಂಬೆಂ ದೇವಿ. ಇಂಫಾಲ್‌ನಲ್ಲಿ ಬಾಲ್ಯದಲ್ಲಿ ಹುಡುಗರ ತಂಡದೊಳಗೆ ನುಸುಳಲು 'ಬೋಬೋ' ಎಂಬ ಗಂಡು ಹೆಸರು ಹೇಳಿಕೊಳ್ಳುತ್ತಿದ್ದ ಈಕೆ ಹದಿನೈದರಲ್ಲೇ ಭಾರತದ ಅಂಗಿ ತೊಟ್ಟರು. 2013ರಲ್ಲಿ ಮತ್ತೊಮ್ಮೆ ವರ್ಷದ ಆಟಗಾರ್ತಿಯಾದರು. 2017ರಲ್ಲಿ ಅರ್ಜುನ, 2020ರಲ್ಲಿ ಪದ್ಮಶ್ರೀ. ಭಾರತದ ಮಹಿಳಾ ಫುಟ್ಬಾಲ್‌ಗೆ ಪದ್ಮ ಪುರಸ್ಕಾರ ದೊರೆತದ್ದು ಅದೇ ಮೊದಲು. ಎರಡು ದಶಕ ದೇಶಕ್ಕಾಗಿ ಆಡಿದ ಆಕೆಯ ಹೆಸರು ಕ್ರಿಕೆಟ್ ಅಂಕಿ-ಅಂಶಗಳನ್ನು ನಾಲಗೆ ತುದಿಯಲ್ಲಿಟ್ಟುಕೊಂಡವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ!

ಬಳಿಕದ ಸಾಲಿನಲ್ಲಿ ಮಣಿಪುರದವರೇ ಆದ ಬಾಲಾ ದೇವಿ ಇದ್ದಾರೆ. 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದವರು. ಸತತ ಎರಡು ಬಾರಿ ಪ್ರಶಸ್ತಿ ಪಡೆದ ಪಂಜಾಬಿನ ಮನೀಷಾ ಕಲ್ಯಾಣ್ 2021ರಲ್ಲಿ ಬ್ರೆಜಿಲ್ ನೆಲದಲ್ಲೇ ಬ್ರೆಜಿಲ್ ವಿರುದ್ಧ ಗೋಲು ಹೊಡೆದಿದ್ದರು. ಭಾರತ 6-1ರಿಂದ ಸೋತರೂ ಆ ಒಂದು ಗೋಲು ಮರೆಯುವಂತಹುದಲ್ಲ.

ಚೆನ್ನೈ ಮತ್ತು ಹೈದರಾಬಾದ್ ಕನ್ನಡ ಸಂಘಗಳ ಓದುಗರಿಗೆ ಇತ್ತೀಚಿನ ಎರಡು ಹೆಸರುಗಳು ಹತ್ತಿರದವು. 2023-24ರ ಪ್ರಶಸ್ತಿ ತಮಿಳುನಾಡು ಕಡಲೂರಿನ ಇಂದುಮತಿ ಕದಿರೇಶನ್‌ಗೆ ಸಂದಿತು. ಆಕೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. 2020ರ ಲಾಕ್‌ಡೌನ್‌ನಲ್ಲಿ ಚೆನ್ನೈನ ಬೀದಿಗಳಲ್ಲಿ ಕರ್ತವ್ಯ ನಿರ್ವಹಿಸಿದವರು. 2024-25ರ ಪ್ರಶಸ್ತಿ ತೆಲಂಗಾಣದ ನಿಜಾಮಾಬಾದ್ ಕಡೆಯ ಸೌಮ್ಯಾ ಗುಗುಲೋತ್‌ಗೆ.

ಕರ್ನಾಟಕದ ಪಾಲೇನು ಎಂದು ಕೇಳಿದರೆ ಉತ್ತರ ತುಸು ಚಿಕ್ಕದು. ಹಿಂದಿನ ತಲೆಮಾರಿನಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತಕ್ಕೆ ಆಡಿದ್ದರು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2022-23ರ ಭಾರತೀಯ ಮಹಿಳಾ ಲೀಗ್‌ನ ಫೈನಲ್ ತಲುಪಿ, ಕೇರಳದ ಗೋಕುಲಂ ಎದುರು 5-0ರಿಂದ ಸೋತಿತು. ಇಲ್ಲಿನ ಸಂಘ-ಸಂಸ್ಥೆಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಮಹಿಳೆಯರಿಗೆ ಹಗ್ಗಜಗ್ಗಾಟ, ಥ್ರೋಬಾಲ್, ಸಂಗೀತ ಕುರ್ಚಿ ಸಾಮಾನ್ಯ. ಫುಟ್ಬಾಲ್ ಮಾತ್ರ ಹೆಚ್ಚಾಗಿ ಯುವ ವಿಭಾಗದ ಹುಡುಗರ ಸೊತ್ತು. ಶಾಲಾ ತಂಡದಲ್ಲಿ ಆಡುವ ಹೆಣ್ಣುಮಕ್ಕಳು ಸಂಘದ ಕುಟುಂಬಗಳಲ್ಲೇ ಇದ್ದಾರೆಂಬುದು ಪದಾಧಿಕಾರಿಗಳಿಗೆ ತಿಳಿಯದ ವಿಷಯವೇನಲ್ಲ.

ನೆರೂಲ್ ಅಂಗಣಕ್ಕೆ ಕಹಿ ನೆನಪೂ ಇದೆ. 2022ರ ಜನವರಿಯಲ್ಲಿ ಏಷ್ಯಾ ಕಪ್‌ಗೆ ಭಾರತವೇ ಆತಿಥೇಯ. ಇರಾನ್ ವಿರುದ್ಧ ಗೋಲಿಲ್ಲದ ಡ್ರಾ ಬಳಿಕ ಭಾರತದ ಶಿಬಿರದಲ್ಲಿ ಕೊರೊನಾ ಹರಡಿ, ಚೈನೀಸ್ ತೈಪೆ ವಿರುದ್ಧ ಕಣಕ್ಕಿಳಿಸಲು ಆಟಗಾರ್ತಿಯರೇ ಸಾಲದೆ, ತಂಡ ಟೂರ್ನಿಯಿಂದಲೇ ಹೊರಬಿತ್ತು. ಮೂರೂವರೆ ವರ್ಷಗಳ ಬಳಿಕ, 2025ರ ಜುಲೈ 5ರಂದು, ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆತಿಥೇಯ ತಂಡವನ್ನು 2-1ರಿಂದ ಸೋಲಿಸಿದ ಭಾರತವು, ಅರ್ಹತಾ ಸುತ್ತಿನಲ್ಲಿ ಗೆದ್ದು ಆಸ್ಟ್ರೇಲಿಯಾದ 2026ರ ಏಷ್ಯಾ ಕಪ್‌ಗೆ ಪ್ರವೇಶ ಪಡೆಯಿತು. ಎರಡೂ ಗೋಲು ಹೊಡೆದವರು ಪಶ್ಚಿಮ ಬಂಗಾಳದ ಸಂಗೀತಾ ಬಾಸ್ಫೋರ್. ಆ ಸಾಲಿನ ಪ್ರಶಸ್ತಿ ಘೋಷಣೆ ಅದಾಗಲೇ ಮೇ ತಿಂಗಳಲ್ಲಿ ಮುಗಿದಿತ್ತು.